ಮೂಲೆಯ ನೀಲಿ ಚೌಕ

ಒಕಿನೊಹಾಮಾ
ಫೆಬ್ರವರಿ 16, 1982

ಮಗು ಕೊಸಾಕು,

ಅಮ್ಮ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿದ್ದರೆ ಅದನ್ನು ಈಗಲೇ ಬಿಡು. ನಿನ್ನ ಬಟ್ಟೆಯ ಗಂಟು ಬಂದಾಗಿನಿಂದ ಎಷ್ಟು ಸಲ ಬರೆಯಲು ಕೂತೆನೋ. ಒಮ್ಮೆ ಕೆಟಲಿನ ನೀರು ಉಕ್ಕಿತೆಂದು ಎದ್ದೆ, ಒಮ್ಮೆ ಬೆಕ್ಕು ಬಾಗಿಲು ಕೆರೆಯಿತೆಂದು ಎದ್ದೆ, ಒಮ್ಮೆ ಯಾವ ನೆಪವೂ ಇಲ್ಲದೆ ಎದ್ದೆ. ಈಚೆಗೆ ಒಂದು ಕಡೆ ಕೂರಲು ನನ್ನಿಂದ ಆಗುತ್ತಿಲ್ಲ. ಅಕ್ಕಿ ತೊಳೆಯಲು ಹೋದವಳು ಪಾತ್ರೆ ಹಿಡಿದುಕೊಂಡು ಹಿತ್ತಲಲ್ಲಿ ನಿಂತಿರುತ್ತೇನೆ, ಬಂದದ್ದು ಯಾಕೆ ಎಂದೇ ಮರೆತಿರುತ್ತದೆ. ಈಗಲೂ ಒಂದು ಕಾಲು ಮಡಚಿ ಒಂದು ಕಾಲು ಊರಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೊ.

ನಾನೂ ಬೆಕ್ಕೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಎರಡು ಹೊತ್ತು ಉಣ್ಣುತ್ತೇವೆ. ಹಿಮ ಇನ್ನೂ ಸೂರಿನ ಅಂಚಿನಲ್ಲಿ ನೇತಾಡುತ್ತಿದೆ. ಈ ವರ್ಷದ ಮೂಲಂಗಿ ಉಪ್ಪಿನಕಾಯಿ ಸ್ವಲ್ಪ ಹುಳಿ ಹೆಚ್ಚಾಯಿತು, ಆದರೂ ಒಂದು ಡಬ್ಬ ಕಳಿಸುತ್ತೇನೆ. ಆ ಸುರಂಗದ ಕೆಲಸದಲ್ಲಿ ನಿನಗೆ ಏನು ತಿನ್ನಲು ಕೊಡುತ್ತಾರೋ, ಯಾರ ಪಕ್ಕ ಮಲಗಿಸುತ್ತಾರೋ, ನೀನಂತೂ ಒಂದು ಮಾತು ಬರೆಯುವುದಿಲ್ಲ. ಬದುಕಿದ್ದಾಗ ನಿನ್ನ ಅಪ್ಪನೂ ಹೀಗೆಯೇ ಇದ್ದರು. ಬಾಯಲ್ಲಿ ಮುತ್ತು ಇಟ್ಟುಕೊಂಡವರ ಹಾಗೆ.

ಗಂಟು ಬಿಚ್ಚಿದೆ. ಹರಿದ ಕಾಲ್ಚೀಲಗಳು, ಗುಂಡಿ ಹೋದ ಎರಡು ಅಂಗಿ, ಅವುಗಳ ನಡುವೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಆ ಕಡುನೀಲಿ ಚೌಕ. ಒಂದು ಚೀಟಿಯೂ ಇರಲಿಲ್ಲ. ಹಿಂದಿನ ಕಾಗದದಲ್ಲಿ ಹೆಂಗಸರು ಚೌಕ ಕೂಡಿಸಿ ಮಾಡುವ ಕಂಬಳಿಯ ವಿಷಯ ನಾನು ಬರೆದದ್ದು ಊರ ಸುದ್ದಿ ಎಂದು, ನಿನ್ನನ್ನು ಕರೆಯಲಲ್ಲ. ಆದರೆ ಕೈಗೆ ತೆಗೆದುಕೊಂಡ ತಕ್ಷಣ ದಾರ ಗುರುತು ಸಿಕ್ಕಿತು. ನಾನು ಹೆಣೆದ ಸ್ವೆಟರಿನ ದಾರ ನನಗೆ ಗೊತ್ತಾಗುವುದಿಲ್ಲವೇ? ಅಷ್ಟು ದಾರಕ್ಕೆ ಒಂದು ತೋಳು ಬಿಚ್ಚಿದರೆ ಸಾಕು. ಆ ಚಳಿಯಲ್ಲಿ ಒಂಟಿ ತೋಳಿನ ಸ್ವೆಟರ್ ಹಾಕಿಕೊಂಡು ಹೇಗೆ ಓಡಾಡುತ್ತೀಯೋ, ನಿನ್ನ ಜೊತೆಯವರು ಏನೆಂದು ನಗುತ್ತಾರೋ.

ಚೌಕವನ್ನು ನೀನು ಕ್ರೋಶಾ ಕಡ್ಡಿಯಲ್ಲಿ ಹೆಣೆದಿಲ್ಲ, ಹೆಣೆಯಲು ನಿನಗೆ ಬರುವುದೂ ಇಲ್ಲ. ಬಲೆ ಕಟ್ಟುವ ಬಿದಿರಿನ ಸೂಜಿಯಲ್ಲಿ ಬಲೆಯ ಗಂಟು ಹಾಕಿ ಹಾಕಿ ಕಟ್ಟಿದ್ದೀಯ. ಅಷ್ಟು ಸಣ್ಣ ಕಣ್ಣಿನ ಬಲೆ ನಾನು ನೋಡಿರಲಿಲ್ಲ, ಇರುವೆ ಹಿಡಿಯಬಹುದು.

ಇಲ್ಲಿಯ ಕಥೆ ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಜನವರಿಯಲ್ಲಿ ನೀನು ನಡೆಸುತ್ತಿದ್ದ ದೋಣಿಯಿಂದ ಅಲೆ ಇಬ್ಬರನ್ನು ಎಳೆದುಕೊಂಡು ಹೋಯಿತು, ಹಿಂದೆ ಕೊಡಲಿಲ್ಲ. ಅವರಲ್ಲಿ ನೊಬೊರು ಫುಮಿಯ ಒಬ್ಬನೇ ಮಗ. ಕಂಬಳಿ ಫುಮಿಯ ಮನೆಗೆ. ಇನ್ನೊಬ್ಬನ ವಿಷಯ ಈ ಕಾಗದದಲ್ಲಿ ಬೇಡ, ನನಗೆ ಕೈ ಬರುವುದಿಲ್ಲ. ಫುಮಿಯ ಗಂಡ ಜಿಂಝೊ ಆ ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಯಾರ ಜೊತೆಗೂ ಮಾತಿಲ್ಲ. ಮನೆಯಲ್ಲಿ ಒಲೆ ಹಚ್ಚುವುದೂ ಅಪರೂಪ ಎಂದು ಕೇಳಿ, ಮೀನುಗಾರರ ಸಂಘದ ಹೆಂಗಸರು ಸೇರಿದರು. ಇಕು ಅಕ್ಕನೇ ಮುಂದಾಳು, ಅದನ್ನು ಬೇರೆ ಹೇಳಬೇಕೇ? ಮನೆಮನೆಯ ಹಳೆಯ ಸ್ವೆಟರು ಬಿಚ್ಚುವುದು, ಸುಕ್ಕಾದ ದಾರವನ್ನು ಕೆಟಲಿನ ಹಬೆಗೆ ಹಿಡಿದು ನೆಟ್ಟಗೆ ಮಾಡುವುದು, ಒಬ್ಬೊಬ್ಬರೂ ಒಂದೊಂದು ಚೌಕ ಹಾಕುವುದು, ಎಲ್ಲ ಕೂಡಿಸಿದರೆ ಇಬ್ಬರು ಹೊದೆಯುವ ಕಂಬಳಿ.

ಇಕು ಅಕ್ಕ ನಮ್ಮ ಮನೆಗೂ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು, "ನೀನೂ ಒಂದು ಚೌಕ ಹಾಕು ಕಿಸಾ. ಹಾಕ್ದೆ ಇದ್ರೂ ಯಾರೂ ಏನೂ ಅನ್ಕೊಳಲ್ಲ. ಹಾಕಿದ್ರೂ ಅನ್ಕೊಳಲ್ಲ," ಎಂದಳು. ನನ್ನ ಹಳೆಯ ಕಂದು ಶಾಲು ಬಿಚ್ಚಿ ಒಂದು ಹಾಕಿಕೊಂಡು ಹೋದೆ. ಸಂಘದ ಮಾಳಿಗೆಯ ಕೋಣೆಗೆ ಕಾಲಿಟ್ಟಾಗ ಮಾತು ನಿಂತಿತು. ಆಮೇಲೆ ಒಬ್ಬಳು ಹಿಮದ ಮಾತೆತ್ತಿದಳು, ಎಲ್ಲರೂ ಹಿಮದ ಮಾತಾಡಿದರು. ಯಾರೂ ಕೆಟ್ಟವರಲ್ಲ. ಮುಖ ನೋಡಿ ಏನು ಹೇಳಬೇಕೋ ಅವರಿಗೆ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಕಿತ್ತಳೆಯ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ ಎಲ್ಲರಿಗೂ ಒಂದೇ ಅಳತೆ ಕೊಟ್ಟಿದ್ದರು. ಬಂದ ಚೌಕಗಳು ಮಾತ್ರ ಅವರವರ ಸ್ವಭಾವದ ಹಾಗೇ ಇದ್ದವು. ಇಕು ಅಕ್ಕನದು ಹಲಗೆಯ ಹಾಗೆ ಬಿಗಿ. ತೆರುವಿನದು ಗೊತ್ತಲ್ಲ, ನಾಲಿಗೆಯ ಹಾಗೇ ಕೈಯೂ ಸಡಿಲ. ಇಕು ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನು ಚೌಕನೋ, ಕಾಲು ಚಾಚಿ ಮಲಗಿರೋ ಏಡಿನೋ?" ಎಂದಳು.

"ಹೊದ್ಕೊಳೋರಿಗೆ ಗಾಳಿ ಬೇಡ್ವಾ ಅಕ್ಕ? ನಿಂದು ಹೊದ್ರೆ ಉಸಿರು ಕಟ್ಟತ್ತೆ," ಎಂದಳು ತೆರು. ಬಹಳ ದಿನದ ಮೇಲೆ ಹೆಂಗಸರು ನಕ್ಕರು. ನಾನೂ ನಗಲು ಹೋಗಿ ನಡುವೆ ನಿಲ್ಲಿಸಿದೆ.

ಹೆಸರು ಹಾಕುವುದೋ ಬೇಡವೋ ಎಂಬ ಮಾತು ಬಂತು. ಇಕು ಅಕ್ಕ ಖಡಾಖಂಡಿತ ಬೇಡ ಎಂದಳು. "ಹೆಸರು ಗೊತ್ತಾದ್ರೆ ಮುಗೀತು. ತಿಥಿ ಆದ್ಮೇಲೆ ಪಾಪದವಳು ಮನೆ ಮನೆಗೂ ಟೀ ಡಬ್ಬ ಹೊತ್ಕೊಂಡು ಮುಯ್ಯಿ ತೀರಿಸ್ಬೇಕು. ಈಗಾಗ್ಲೇ ಹೂ ಕೊಟ್ಟೋರಿಗೆ, ಊದುಬತ್ತಿ ಕೊಟ್ಟೋರಿಗೆ ಕೊಡೋದೇ ಸಾಕಷ್ಟಿದೆ. ನಾವು ಕೊಡೋದು, ಅವಳು ಹೊರೋದು, ಇದ್ಯಾವ ನ್ಯಾಯ? ಸದ್ದಿಲ್ದೆ ಅವಳ ಮೆಟ್ಟಿಲ ಮೇಲಿಟ್ಟು ಬರೋದು. ಕೇಳಿದ್ರೆ ಎಲ್ರೂ ನಂಗೊತ್ತಿಲ್ಲ ಅನ್ನೋದು. ಬಾಯಿ ಬಿಟ್ಟೋರನ್ನ ನಾನು ಬಿಡಲ್ಲ."

ಎಲ್ಲರೂ ತೆರುವಿನ ಕಡೆ ತಿರುಗಿದರು. "ನನ್ನನ್ಯಾಕ್ರೇ ನೋಡ್ತೀರ?" ಎಂದಳು ಅವಳು.

ಕೂಡಿಸುವ ಕೆಲಸ ನನಗೆ ಬಂತು. ದೊಡ್ಡದು ಸಣ್ಣದನ್ನೆಲ್ಲ ಎಳೆದು ಒಗ್ಗಿಸಿ ಕರಿಯ ದಾರದಲ್ಲಿ ಅಂಚು ಕಟ್ಟುವುದು ನನಗೆ ಬರುತ್ತದೆಂದು ಅವರಿಗೆ ಗೊತ್ತು. ಚೌಕಗಳನ್ನೆಲ್ಲ ಮನೆಗೆ ತಂದೆ. ಅದಾದ ಮೇಲೆಯೇ ನಿನ್ನ ಗಂಟು ಬಂದದ್ದು. ಎರಡು ದಿನ ನಿನ್ನ ಚೌಕವನ್ನು ಅಡುಗೆಮನೆಯ ಡಬ್ಬದಲ್ಲಿ ಅಡಗಿಸಿಟ್ಟೆ. ನಾವಿಬ್ಬರೂ ಕ್ಷಮೆ ಕೇಳಲು ಫುಮಿಯ ಅಂಗಳದ ಹಿಮದಲ್ಲಿ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿದ ದಿನ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಜಿಂಝೊ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಫುಮಿ ಹೊರಗೆ ಬರಲೇ ಇಲ್ಲ. ಅಂಥ ಮನೆಯ ಕಂಬಳಿಯಲ್ಲಿ ನಿನ್ನ ಕೈಯದು ಹೇಗೆ ಸೇರಿಸಲಿ? ಸೇರಿಸದೆ ನಿನಗೆ ಏನು ಬರೆಯಲಿ?

ಸೇರಿಸಿದ್ದೇನೆ ಮಗು. ಕಾಲಿನ ಕಡೆಯ ಮೂಲೆಯಲ್ಲಿ, ನನ್ನ ಕಂದು ಚೌಕದ ಪಕ್ಕ.

ನಿನ್ನೆ ಇಕು ಅಕ್ಕ ನೋಡಲು ಬಂದಳು. ಅಂಗೈಯಿಂದ ಒಂದೊಂದನ್ನೇ ಸವರುತ್ತಾ ಬಂದವಳು ಆ ಮೂಲೆಯಲ್ಲಿ ನಿಂತಳು. "ಇದ್ಯಾರದು?" ಎಂದಳು. "ಯಾರೋ ಕಳಿಸಿದ್ರು," ಎಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ಆ ಮೂಲೆ ಒಳಗೆ ಹೋಗುವ ಹಾಗೆ ಕಂಬಳಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಇನ್ನು ಅದು ನನ್ನ ಕೈಯಲ್ಲಿಲ್ಲ. ಫುಮಿ ಗುರುತು ಹಿಡಿದು ಕಿತ್ತು ಎಸೆದರೆ ನೀನು ಈ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಕೂರಲಾಗುತ್ತಿಲ್ಲ.

ಗುಂಡಿ ಹೊಲಿದು ಅಂಗಿ ಕಳಿಸಿದ್ದೇನೆ. ಕಾಲ್ಚೀಲ ಹೊಲಿಯುವ ಹಂತ ದಾಟಿತ್ತು, ಹೊಸದು ಇಟ್ಟಿದ್ದೇನೆ. ಮೈ ಬೆಚ್ಚಗಿಟ್ಟುಕೊ.

ನಿನ್ನ ಅಮ್ಮ,
ಕಿಸಾ


ಒಕಿನೊಹಾಮಾ
ಮಾರ್ಚ್ 5

ಮಗು ಕೊಸಾಕು,

ಇದು ಅವಸರದ ಕಾಗದ. ಅಂಚೆಯವನು ದಿಬ್ಬದ ಮೇಲಿನ ಮನೆಗಳಿಗೆ ಕೊಟ್ಟು ಇಳಿಯುವ ಹೊತ್ತಿಗೆ ಮುಗಿಸಬೇಕು. ನೀನು ಉತ್ತರ ಬರೆದಿಲ್ಲ, ಬರೆಯುತ್ತೀಯೆಂದು ನಾನೂ ಕಾದಿರಲಿಲ್ಲ. ಉಪ್ಪಿನಕಾಯಿ ಮುಟ್ಟಿತೋ ಇಲ್ಲವೋ ಅಷ್ಟಾದರೂ ತಿಳಿಸು.

ನಮ್ಮ ಜಾಣತನ ತಲೆಕೆಳಗಾಯಿತು. ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ಮುಂಚೆ ಇಕು ಅಕ್ಕ ಕಂಬಳಿಯನ್ನು ಫುಮಿಯ ಮೆಟ್ಟಿಲ ಮೇಲೆ ಇಟ್ಟು ಬಂದಳು. ಕರ್ಮ ಮುಗಿಯಿತು, ಒಂದೆರಡು ದಿನ ಸದ್ದಿಲ್ಲ. ಹೆಂಗಸರೆಲ್ಲ ಬಹಳ ದೊಡ್ಡ ಉಪಕಾರ ಮಾಡಿದವರ ಹಾಗೆ ಬೀಗುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಫುಮಿ ಬೆನ್ನಿಗೆ ಟೀ ಡಬ್ಬಗಳ ಗಂಟು ಕಟ್ಟಿಕೊಂಡು, ತೋಳಲ್ಲಿ ಕಂಬಳಿ ತಬ್ಬಿಕೊಂಡು, ಕೆಳಗಿನ ಸಾಲಿನ ಮೊದಲ ಮನೆಯ ಬಾಗಿಲು ತಟ್ಟಿದಳು.

"ಇದ್ರಲ್ಲಿ ನಿಂದು ಯಾವ್ದು?"

ಮೊದಲ ಮನೆಯವಳು ಒಪ್ಪಂದದಂತೆ ನನಗೆ ಗೊತ್ತಿಲ್ಲ ಎಂದಳಂತೆ. ಎರಡನೆಯವಳೂ ಗೊತ್ತಿಲ್ಲ ಎಂದಳು. ಫುಮಿ ಜಗಳವಾಡಲಿಲ್ಲ, ಹೊಸ್ತಿಲಲ್ಲಿ ಕೂತು ಚೌಕಗಳನ್ನು ನೋಡಿದಳು, ಆ ಮನೆಯವರ ಮೈಮೇಲಿನ ಹೆಣಿಗೆ ನೋಡಿದಳು, ಮಕ್ಕಳ ಟೋಪಿ ನೋಡಿದಳು. "ನಿನ್ನ ಮೊಮ್ಮಗು ಹಾಕ್ಕೊಂಡಿರೋ ಟೋಪಿ ದಾರ ಇದೇ ಅಲ್ವಾ?" ಎಂದು ಒಂದು ಡಬ್ಬ ಇಟ್ಟು ಎದ್ದಳು. ಹೀಗೆ ದಿನಕ್ಕೆ ಕೆಲವು ಮನೆ. ತೆರುವಿನ ಮನೆಯಲ್ಲಿ ಅಷ್ಟೂ ಕೇಳಲಿಲ್ಲವಂತೆ. ಚೌಕದೊಳಗೆ ಬೆರಳು ತೂರಿಸಿ ಆಚೆ ಕಡೆ ಆಡಿಸಿ ತೋರಿಸಿದಳಂತೆ. "ಇಷ್ಟು ದೊಡ್ಡ ಕಿಟಕಿ ಬಿಡೋಳು ಇನ್ಯಾರಿದಾರೆ ಈ ಊರಲ್ಲಿ?" ತೆರು ಅವಮಾನವಾಯಿತೆಂದು ಊರೆಲ್ಲ ಹೇಳಿಕೊಂಡು ಬಂದಳು, ಬಾಯಿ ಬಿಡಬೇಡ ಎಂದ ಕಥೆ ಅಲ್ಲಿಗೆ ಮುಗಿಯಿತು.

ಇಕು ಅಕ್ಕ ಫುಮಿಯನ್ನು ದಾರಿಯಲ್ಲಿ ನಿಲ್ಲಿಸಿ ಬೈದಳು. "ಯಾಕೆ ಹೀಗೆ ಅಲೀತಿದೀಯ ಫುಮಿ? ಮುಯ್ಯಿ ಬೇಡ ಅಂತ್ಲೇ ಅಲ್ವಾ ಹೆಸ್ರು ಹಾಕದೇ ಇದ್ದಿದ್ದು? ಸುಮ್ನೆ ಹೊದ್ಕೊಂಡು ಮಲಗ್ಬಾರ್ದಾ?"

"ಕೊಟ್ಟೋರು ಯಾರು ಅಂತ ಗೊತ್ತಿಲ್ದೆ ಹೊದ್ಕೊಂಡ್ರೆ ಬೆಚ್ಚಗಾಗಲ್ಲ ಅಕ್ಕ," ಎಂದಳಂತೆ ಫುಮಿ. "ಮುಯ್ಯಿ ತೀರಿಸ್ದೆ ಕೂತ್ರೆ ನೊಬೊರು ಲೆಕ್ಕ ಹಂಗೇ ಉಳಿಯತ್ತೆ. ಅವನು ಯಾರ ಋಣಾನೂ ಇಟ್ಕೊಂಡು ಹೋಗೋನಲ್ಲ."

ಹೊರೆ ಇಳಿಸುತ್ತೇವೆಂದು ಹೋಗಿ ನಾವು ಹೊರಿಸಿದ್ದೇ ಹೆಚ್ಚಾಯಿತು. ಹೆಸರು ಹಾಕಿದ್ದರೆ ಅವಳು ಅಂಗಡಿಯ ಹುಡುಗನ ಕೈಲಿ ಡಬ್ಬ ಕಳಿಸಿ ಮುಗಿಸುತ್ತಿದ್ದಳು. ಈಗ ಈ ಕೆಸರು ಹಿಮದಲ್ಲಿ ಊರಿನ ಒಂದೊಂದು ಮೆಟ್ಟಿಲೂ ಹತ್ತಿ ಇಳಿಯುತ್ತಿದ್ದಾಳೆ.

ಈಗ ನನ್ನ ಸ್ಥಿತಿ ನೋಡು. ಕಿಟಕಿಯ ಹತ್ತಿರ ಹೋಗುತ್ತೇನೆ, ಬರುತ್ತೇನೆ. ಕೆಳಗಿನ ಸಾಲು ಮುಗಿಯಿತು. ಗುಡಿಯ ಓಣಿ ಮುಗಿಯಿತು. ನಿನ್ನೆ ಬಾವಿಯ ಪಕ್ಕದ ಮನೆಯಿಂದ ಹೊರಬಂದು ನಮ್ಮ ಮನೆಯ ಕಡೆ ಕತ್ತೆತ್ತಿ ನೋಡಿದಳು. ನಾನು ಪರದೆಯ ಹಿಂದೆ ಸರಿದೆ, ಈ ವಯಸ್ಸಿನಲ್ಲಿ ಕಳ್ಳಿಯ ಹಾಗೆ. ಅವಳು ತಿರುಗಿ ಬೇರೆ ದಾರಿ ಹಿಡಿದಳು. ಬಂದರೆ ಏನು ಹೇಳಲಿ ಎಂದು ಒಲೆಯ ಮುಂದೆ ಕೂತು ಪಾಠ ಮಾಡುತ್ತೇನೆ. ನಿನ್ನದನ್ನು ನನ್ನದೇ ಎಂದುಬಿಡುವುದೆಂದು ಇವತ್ತಿನ ತೀರ್ಮಾನ.

ಅಂಚೆಯವನ ಸೈಕಲ್ಲಿನ ಗಂಟೆ ಕೇಳಿಸುತ್ತಿದೆ.

ಅಮ್ಮ


ಒಕಿನೊಹಾಮಾ
ಮಾರ್ಚ್ 19

ಮಗು ಕೊಸಾಕು,

ಉಪ್ಪಿನಕಾಯಿ ಚೆನ್ನಾಗಿತ್ತು ಎಂಬ ನಿನ್ನ ಒಂದು ಸಾಲಿನ ಕಾರ್ಡು ಬಂತು. ಸಂತೋಷ. ಒಂದು ಸಾಲಿಗೆ ಅಷ್ಟು ದೂರದಿಂದ ಕಾರ್ಡು ಹಾಕಿದೆಯಲ್ಲ, ಕೆಳಗೆ ಅಷ್ಟು ಜಾಗ ಖಾಲಿ ಬಿಟ್ಟಿದ್ದೀಯ. ಆ ಖಾಲಿ ಜಾಗದಲ್ಲಿ ಏನಿರಬಹುದೆಂದು ಬಹಳ ಹೊತ್ತು ನೋಡಿದೆ. ಫುಮಿ ಬಂದಳೇ ಎಂದು, ಅದನ್ನೇ ನೀನು ಕೇಳಬೇಕೆಂದಿದ್ದೆ ಅಲ್ಲವೇ?

ಬಂದಳು.

ಕಡಲ ಸೊಪ್ಪಿನ ಕೊಯ್ಲು ಶುರುವಾಗಿದೆ. ದಡದಲ್ಲಿ ಎಲ್ಲೆಲ್ಲೂ ಕಡಾಯಿ ಕುದಿಯುತ್ತಿದೆ, ಊರೆಲ್ಲ ಉಪ್ಪಿನ ಹಬೆ. ಎಲ್ಲರೂ ದಡದಲ್ಲಿದ್ದರು. ನಾನು ಹೋಗಿರಲಿಲ್ಲ, ಕೈ ನೋವೆಂದು ಸುಳ್ಳು ಹೇಳಿದ್ದೆ. ಬೆಳಿಗ್ಗೆ ಅಂಗಳದ ಕೆಸರು ಎತ್ತುತ್ತಿದ್ದಾಗ ಹಿಂದಿನಿಂದ "ಕಿಸಾ" ಎಂದಳು. ಕೈಯಿಂದ ಸಲಿಕೆ ಜಾರಿತು. ಫುಮಿ ನನ್ನ ಹೆಸರು ಹಿಡಿದು ಕರೆದು ಎಷ್ಟು ದಿನವಾಗಿತ್ತು. ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಒಂದೇ ಕೊಟ್ಟಿಗೆಯಲ್ಲಿ ಕೂತು ಬಲೆ ಹೊಲಿದವರು. ಅತ್ತೆಯರನ್ನು ಬೈದುಕೊಂಡದ್ದೂ ಅಲ್ಲಿಯೇ.

"ಒಳಗ್ ಬರ್ಲಾ?" ಎಂದಳು.

ನಾನು ದಾರಿ ಬಿಟ್ಟೆ. ಮೇಜಿನ ಮೇಲೆ ಕಂಬಳಿ ಹರಡಿದಳು. ಬಹಳ ತೆಳ್ಳಗಾಗಿದ್ದಾಳೆ, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತದೆ. ಗಂಟಿನಲ್ಲಿ ಎರಡು ಡಬ್ಬ ಮಾತ್ರ ಉಳಿದಿದ್ದವು. ಒಂದರ ಮೇಲೆ ನನ್ನ ಹೆಸರಿನ ಪಟ್ಟಿ, ಇನ್ನೊಂದರ ಪಟ್ಟಿ ಖಾಲಿ.

"ಈ ಕಂದು ಬಣ್ಣದ್ದು ನಿಂದು. ಒಂದು ಕಣ್ಣೂ ಸಡಿಲ ಬಿಡಲ್ಲ ನೀನು. ಕೂಡಿಸಿದ್ದೂ ನೀನೇ," ಎಂದಳು.

"ಹೌದು," ಎಂದೆ.

ನನ್ನ ಹೆಸರಿನ ಡಬ್ಬವನ್ನು ಎರಡೂ ಕೈಯಲ್ಲಿ ಮುಂದಿಟ್ಟು ತಲೆ ಬಾಗಿಸಿದಳು. ನಾನೂ ಬಾಗಿಸಿದೆ. ತಲೆ ಎತ್ತಿದಾಗ ಅವಳ ಬೆರಳು ಮೂಲೆಯ ನೀಲಿಯ ಮೇಲಿತ್ತು.

"ಇದು?"

"ಅದೂ ನಂದೇ."

"ಸುಳ್ಳು ಹೇಳ್ಬೇಡ ಕಣೇ. ಇದು ಹೆಣಿಗೆ ಅಲ್ಲ, ಬಲೆ. ಗಂಟು ಎಲ್ಲ ಆ ಕಡೆಗೆ ಬಿದ್ದಿದೆ, ಎಡಗೈಯವರ ಗಂಟು. ಈ ಊರಲ್ಲಿ ಎಡಗೈಲಿ ಬಲೆ ಕಟ್ಟೋರು ನಿನ್ನ ಗಂಡ ಒಬ್ರು, ನಿನ್ನ ದೊಡ್ಡ ಮಗ ಒಬ್ಬ. ನಿನ್ನ ಗಂಡ ಅಂತೂ ಕಟ್ಟಿ ಕಳಿಸಿರಲ್ಲ."

ಒಲೆಯ ಮುಂದೆ ಮಾಡಿದ ಪಾಠವೆಲ್ಲ ಎಲ್ಲಿ ಹೋಯಿತೋ. ಹೌದು, ಅವನೇ ಕಟ್ಟಿದ್ದು, ಸೇರಿಸಿದ್ದು ನಾನು, ಬೈಯುವುದಾದರೆ ನನ್ನನ್ನು ಬೈ ಎಂದೆ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ.

"ಮೆಟ್ಟಿಲ ಮೇಲಿಂದ ಎತ್ಕೊಂಡ ದಿನಾನೇ."

"ಮತ್ತೆ ಊರೆಲ್ಲ ಯಾಕೆ ಸುತ್ತಿದೆ?"

"ನಿಮ್ಮನೆಗೇ ಮೊದ್ಲು ಬರೋಕೆ ಕಾಲು ಬರ್ಲಿಲ್ಲ. ಒಂದೊಂದು ಮನೆ ಮುಗಿಸ್ಕೊಂಡು ಬಂದೆ."

ಚಹಾ ಮಾಡಿದೆ. ಏನೂ ತಿಳಿಯದಾದಾಗ ಮನುಷ್ಯರು ಚಹಾ ಮಾಡುತ್ತಾರೆ. ಅವಳು ಕುಡಿಯದೆ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದಳು. "ಗೊತ್ತಾದ ತಕ್ಷಣ ಕತ್ತರಿ ತಗೊಂಡೆ. ಕತ್ತರಿಸಿ ಒಲೆಗೆ ಹಾಕೋಣ ಅಂತ. ಆಗ ಹಾಸಿಗೆಯಿಂದ ನಮ್ಮನೇವ್ರು, ತಾ ಇಲ್ಲಿ ಅಂದ್ರು. ಅವತ್ತಿಂದ ಅವರು ಆಡಿದ ಮೊದಲ್ನೇ ಮಾತು ಅದು. ಕೈಯಲ್ಲಿ ಹಿಡ್ಕೊಂಡು ಒಂದೊಂದೇ ಗಂಟು ಮುಟ್ಟಿ ನೋಡಿದ್ರು. ಈ ಸಾಲಲ್ಲಿ ಹುಡುಗನ ಕೈ ನಡುಗಿದೆ ನೋಡು ಅಂದ್ರು. ಆಮೇಲೆ ಮೈಮೇಲೆ ಎಳ್ಕೊಂಡು ಮಲಗಿದ್ರು. ನಾನು ಕತ್ತರಿ ಒಳಗಿಟ್ಟೆ."

ನನಗೆ ಅಳು ಬಂತು. ಬಂದದ್ದು ನೋಡಿ ಅವಳಿಗೆ ಸಿಟ್ಟು ಬಂತು.

"ಅಳ್ಬೇಡ. ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಕ್ಷಮಿಸೋದು ಬಿಡೋದು ನಂಗೆ ಗೊತ್ತಾಗಲ್ಲ. ಬೆಳಿಗ್ಗೆ ಒಂದು ಅನ್ಸತ್ತೆ, ಸಂಜೆ ಒಂದು ಅನ್ಸತ್ತೆ. ಅವನು ಕೊಟ್ಟಿದಾನೆ, ನಾನು ತಗೊಂಡಿದೀನಿ. ತಗೊಂಡ್ಮೇಲೆ ಮುಯ್ಯಿ ಕೊಡ್ಬೇಕು. ಕುಂಚ ಇದ್ಯಾ?"

ನಿನ್ನ ಅಪ್ಪನ ಕುಂಚವನ್ನೂ ಮಸಿಯನ್ನೂ ತಂದುಕೊಟ್ಟೆ. ಖಾಲಿ ಪಟ್ಟಿಯ ಮೇಲೆ ನಿನ್ನ ಹೆಸರು ಬರೆದಳು. ಅವಳ ಅಕ್ಷರ ಮೊದಲಿನಿಂದಲೂ ದುಂಡು. ಮಸಿ ಆರುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಇಟ್ಟಳು. ನಾನು ತೆಗೆದುಕೊಳ್ಳಲು ಹೋದಾಗ ತಕ್ಷಣ ಬಿಡಲಿಲ್ಲ.

"ಅಂಚೇಲಿ ಕಳಿಸ್ಬೇಡ," ಎಂದಳು. "ಮುಯ್ಯಿನ ಅಂಚೇಲಿ ಕಳಿಸಲ್ಲ. ಕೈಗೇ ಕೊಡು."

ಡಬ್ಬ ಕಪಾಟಿನ ಮೇಲಿದೆ, ನಿನ್ನ ಹೆಸರು ಬಾಗಿಲ ಕಡೆಗೆ ಕಾಣುವ ಹಾಗೆ ಇಟ್ಟಿದ್ದೇನೆ. ಕಳಿಸುವುದಿಲ್ಲ. ಕೇಳಿದರೂ ಕಳಿಸುವುದಿಲ್ಲ. ಚಹಾದ ಪರಿಮಳ ಹೋಗುವುದರೊಳಗೆ ಬಂದರೆ ನಿನಗೇ ಒಳ್ಳೆಯದು.

ಮದುವೆಯ ಮಾತೆತ್ತುವುದಿಲ್ಲ, ದೋಣಿಯ ಮಾತೂ ಎತ್ತುವುದಿಲ್ಲ, ಹೆದರಬೇಡ. ಸುರಂಗದಲ್ಲಿ ತಲೆಯ ಮೇಲೆ ಟೋಪಿ ಇಟ್ಟುಕೊ. ದೇವರು ನಿನ್ನ ಉಸಿರನ್ನು ಕಾಯಲಿ, ನನ್ನ ಪಾಲಿನ ಆಯುಸ್ಸು ಏನಾದರೂ ಉಳಿದಿದ್ದರೆ ಅದೂ ನಿನಗೇ ಇರಲಿ.

ನಿನ್ನ ಅಮ್ಮ,
ಕಿಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಹೊರಡುವಾಗ ಫುಮಿ ಒಳಕೋಣೆಯ ಕಡೆ ನೋಡಿ, "ತಮೊತ್ಸುಗೆ ಒಂದು ಊದುಬತ್ತಿ ಹಚ್ಲಾ?" ಎಂದಳು. ಅಲೆ ಎಳೆದುಕೊಂಡ ಆ ಇನ್ನೊಬ್ಬನ, ನಿನ್ನ ತಮ್ಮನ, ಹೆಸರನ್ನು ಆ ದಿನದ ಮೇಲೆ ಈ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನೀನು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾವು ತಪ್ಪಿತಸ್ಥರ ಮನೆ, ನಮಗೆ ಯಾರ ಸಾಂತ್ವನವೂ ಬೇಡವೆಂದು ಬಾಗಿಲಿಗೆ ಕಾಗದ ಅಂಟಿಸಿದವಳು ನಾನೇ. ಊರವರು ಅದನ್ನು ಓದಿದರು, ಬರಲಿಲ್ಲ. ಇಬ್ಬರಿಗೂ ಕರ್ಮ ಒಂದೇ ದಿನ ಇತ್ತಲ್ಲ. ಫುಮಿಯ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ. ನಮ್ಮ ಬಾಗಿಲಲ್ಲಿ ಗುಡಿಯ ಗುರುಗಳದು ಒಂದೇ ಜೊತೆ. ಮುಯ್ಯಿ ತೀರಿಸಲು ನನಗೆ ಒಂದು ಮನೆಯೂ ಇಲ್ಲ, ಮಗು. ನನ್ನನ್ನು ಎಲ್ಲರೂ ನಿನ್ನ ತಾಯಿಯೆಂದು ನೋಡಿದರು, ಅವನ ತಾಯಿಯೆಂದು ಯಾರೂ ನೋಡಲಿಲ್ಲ. ನೀನೂ ಒಂದು ಚೌಕ ಕಟ್ಟಿದೆ, ಫುಮಿಗೆ ಕಟ್ಟಿದೆ. ಅದು ಸರಿಯೇ. ಆ ಎರಡು ನೀಲಿ ಸ್ವೆಟರುಗಳನ್ನು ನಿಮ್ಮಿಬ್ಬರಿಗೆಂದು ಒಂದೇ ದಾರದಲ್ಲಿ ಹೆಣೆದಿದ್ದೆ, ಅವನದು ಅವನ ಮೈಮೇಲೆಯೇ ಹೋಯಿತು. ನಿನ್ನದರಲ್ಲಿ ಇನ್ನೊಂದು ತೋಳು ಉಳಿದಿದೆಯಲ್ಲವೇ?